ಗುಬ್ಬಿತಗ್ಗಿನ ಹಾಳೆ

ಆ ದಿನ ಬೆಳಗ್ಗೆ ನಮ್ಮ ಊರಿನಲ್ಲಿ ಮಳೆ ಸುರಿಯುತ್ತಿತ್ತು. ಸುರಿಯುತ್ತಿತ್ತು ಎಂದು ಈಗ ಧೈರ್ಯವಾಗಿ ಹೇಳುತ್ತಿದ್ದೇನೆ. ಆ ದಿನ ಹಾಗೆ ಅನ್ನುವಂತಿರಲಿಲ್ಲ. ಆಗಿನ್ನೂ ನಮ್ಮ ಊರಿಗೆ ಹಾಳೆ ಇರಲಿಲ್ಲ. ಹಾಳೆ ಇಲ್ಲದ ಜಾಗದಲ್ಲಿ ಮಳೆಯಾಗುವುದಿಲ್ಲ ಎನ್ನುವುದು ಒಣಹೂವಿನ ಕಚೇರಿಯ ನಿಯಮ. ಆ ನಿಯಮವನ್ನು ಓಣಿ ಓಣಿಗೆ ಸಾರುವ ಡಂಗುರದವನು ನಾನು. ಹೀಗಾಗಿ ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಬಾರಿಸುವ ಹಲಗೆ ನೆನೆಯಬಾರದೆಂದು ಅಂಗಿಯೊಳಗೆ ಅವಚಿಕೊಂಡು, ಹರಿಯುವ ಕೆಂಪು ನೀರಿನಲ್ಲಿ ನಿಂತು ಕೂಗುತ್ತಿದ್ದೆ: “ಕೇಳ್ರಪೋ ಕೇಳ್ರಿ! ನರಿಗುಡ್ಡದಾಗ ಮಳಿ ಐತಿ! ಹುಲಿದಿನ್ನ್ಯಾಗ ಮಳಿ ಐತಿ! ಊರಾಗ ಮಳಿ ಇಲ್ಲ!”

ಯಾರೂ ನಗಲಿಲ್ಲ. ಚಹಾದಂಗಡಿಯ ಇಮಾಮಸಾಬರು ಸೋರುವ ಮಾಳಿಗೆಯ ಕೆಳಗೆ ಒಂದೊಂದೇ ಪಾತ್ರೆ ಇಡುತ್ತ, “ಮಾಳಿಗಿ ಭಾಳ ಬೆವರಾಕತ್ತೈತಿ ಭರಮಣ್ಣ, ಸೆಕಿ ಜಾಸ್ತಿ ಆಗೈತೇನೋ,” ಅಂದರು. ನಮ್ಮ ಶಾಲೆಯ ಮಾಸ್ತರರು ಛತ್ರಿ ಬಿಚ್ಚಿಕೊಂಡು ಹೋಗುತ್ತಿದ್ದವರು ನನ್ನನ್ನು ಕಂಡು ನಿಂತು, “ಬಿಸಲಿಗೆ ಹಿಡದೇನಪಾ, ಬಿಸಲಿಗೆ,” ಎಂದು ಕೇಳದಿದ್ದರೂ ಹೇಳಿದರು. ಹೆಂಗಸರು ಸೂರಿನ ಕೆಳಗೆ ಕೊಡ ಇಟ್ಟು ಊರಿನ ಬೆವರನ್ನು ತುಂಬಿಕೊಳ್ಳುತ್ತಿದ್ದರು. ಅದರಲ್ಲೇ ಬೇಳೆ ಬೇಯಿಸಿದರೆ ಬೇಗ ಬೇಯುತ್ತದೆ ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಬಾಯಾರಿ ಎನ್ನುವುದು ನಮ್ಮ ಉಸುಕಿನ ಸೀಮೆಯ ಹೂ. ಬೆರಳುದ್ದದ ಗಿಡ, ಬೆಳ್ಳನೆಯ ಐದು ದಳ. ಬೀಜ ಉಸುಕಿನಲ್ಲಿ ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡು ಬಿದ್ದಿರುತ್ತದೆ. ಮಳೆ ಬಿದ್ದರೆ ಮಾತ್ರ ಎದ್ದು ಬಾಯಿ ತೆರೆಯುತ್ತದೆ. ಬಹಳ ಹಿಂದೆ ಗಿಡದಜ್ಜ ಎಂಬ ಸಾಧು ಒಬ್ಬರು ಈ ಸೀಮೆಯ ತಗ್ಗು ದಿನ್ನೆಗಳನ್ನೆಲ್ಲ ಬರಿಗಾಲಲ್ಲಿ ತಿರುಗಿ, ಒಂದೊಂದು ಜಾಗದಿಂದ ಒಂದೇ ಒಂದು ಬಾಯಾರಿ ಕಿತ್ತು, ಧೋತರದ ಮಡಿಕೆಯಲ್ಲಿಟ್ಟು ಕಲ್ಲಿನಡಿ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಬಿಳಿ ನೂಲಿನಲ್ಲಿ ಹೊಲಿದಿಟ್ಟರು. ಹಾಳೆಯ ಬಲಮೂಲೆಗೆ ಒಂದು ಚೀಟಿ. ಯಾವ ಜಾಗ, ಯಾವ ಮಾಸ, ಉಸುಕು ಎಂಥದು, ಹೂ ಹೇಗಿತ್ತು, ಅಲ್ಲಿ ಯಾರ ಆಡು ಮೇಯುತ್ತಿದ್ದವು ಎಂದೆಲ್ಲ ಅದರಲ್ಲಿ ಬರೆದರು. ದೇವರು ಯಾವ ಮೂಲೆಯಲ್ಲಿ ಏನಿಟ್ಟಿದ್ದಾನೆ ಎಂಬುದನ್ನು ಮನುಷ್ಯ ಮರೆಯಬಾರದು ಎಂದಷ್ಟೇ ಆ ಪುಣ್ಯಾತ್ಮರ ಮನಸ್ಸಿನಲ್ಲಿದ್ದದ್ದು.

ಆದರೆ ಆ ಹೂಗಳು ಹಾಳೆಗೆ ಏರಿದ ಮೇಲೂ ತಮ್ಮ ನೆಲವನ್ನು ಬಿಡಲಿಲ್ಲ. ನರಿಗುಡ್ಡದಲ್ಲಿ ಮಳೆ ಬಿದ್ದರೆ ಬೀರುವಿನೊಳಗಿನ ನರಿಗುಡ್ಡದ ಹೂ ಅರಳುತ್ತದೆ. ಅಲ್ಲಿನ ನೆಲ ಆರಿದ ಮೇಲೆ ಮುಚ್ಚುತ್ತದೆ. ದೇವರು ಮಾಡಿದ್ದನ್ನು ಯಾಕೆ ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ. ಅದಕ್ಕೊಂದು ಕಚೇರಿ ಮಾಡುವ ರೂಢಿ ಇದೆ. ಹಾಗೆ ಒಣಹೂವಿನ ಕಚೇರಿ ಆಯಿತು, ಬೀರುಗಳಿಗೆ ಬೀಗ ಬಂತು, ಬೀಗಕ್ಕೊಬ್ಬ ಸಾಹೇಬರು ಬಂದರು. ಮುಂಜಾನೆ ಸಾಹೇಬರು ಬೀರು ತೆಗೆದು ಯಾವ ಹಾಳೆ ಅರಳಿದೆ ಎಂದು ನೋಡುತ್ತಾರೆ, ನನಗೆ ಹೇಳುತ್ತಾರೆ, ನಾನು ಸಾರುತ್ತೇನೆ, ಕುರಿ ಆಡಿನವರು ಆ ಕಡೆ ಹೊರಡುತ್ತಾರೆ. ಕಾಲ ಕಳೆದಂತೆ ಮುಗಿಲು ನೋಡುವುದು ಅಮರ್ಯಾದೆ ಎನಿಸಿತು. ಯಾವನಾದರೂ ತಲೆ ಎತ್ತಿದರೆ “ಯಾಕಪಾ, ಕಚೇರಿ ಮ್ಯಾಲೆ ನಂಬಿಕಿ ಇಲ್ಲೇನು?” ಎಂದು ಕೇಳುವವರಿದ್ದರು. ಕೂಸುಗಳಿಗೂ ಅಂಗಾತ ಮಲಗುವ ಚಟವನ್ನು ಬೇಗ ಬಿಡಿಸುತ್ತಿದ್ದರು. ಗಿಡದಜ್ಜ ನಮ್ಮ ಊರಿನೊಳಗೆ ಹೂ ಕಿತ್ತಿರಲಿಲ್ಲ. ಜನರ ಕಾಲ್ತುಳಿತದಲ್ಲಿ ಇಲ್ಲಿ ಬಾಯಾರಿ ಏಳುವುದೇ ಇಲ್ಲ. ಆದ್ದರಿಂದಲೇ ಊರಿಗೆ ಹಾಳೆ ಇರಲಿಲ್ಲ, ಹಾಳೆ ಇಲ್ಲದ್ದರಿಂದ ಮಳೆಯೂ ಇರಲಿಲ್ಲ.

ಇನ್ನೊಂದು ನಿಯಮ ಇದಕ್ಕಿಂತ ಕಠಿಣ. ಹನ್ನೆರಡು ವರ್ಷ ಒಂದು ಹಾಳೆ ಅರಳದೆ ಹೋದರೆ ಆ ಜಾಗ ಸತ್ತಿತು ಎಂದು ಮುದ್ರೆ ಒತ್ತಿ ಹಾಳೆಯನ್ನು ಕಡೆಯ ಬೀರುವಿಗೆ ಹಾಕುತ್ತಾರೆ. ಸತ್ತಿತು ಎಂದರೆ ಬರೀ ಮಾತಲ್ಲ. ಅಲ್ಲಿನ ಬಾವಿಯ ಹಗ್ಗ ಬಿಚ್ಚಿ ತರುತ್ತಾರೆ, ದಾರಿಗೆ ಜಾಲಿಮುಳ್ಳು ಅಡ್ಡ ಹಾಕುತ್ತಾರೆ, ಅಲ್ಲಿದ್ದವರು ಗಂಟುಮೂಟೆ ಕಟ್ಟಿಕೊಂಡು ಊರ ಹೊರಗಿನ ಬಯಲಿಗೆ ಬಂದು ಬೀಳಬೇಕು. ಅವರ ಆಡುಗಳನ್ನು ಕಚೇರಿ ಹಂಚಿಬಿಡುತ್ತದೆ. ಇಲ್ಲದ ಜಾಗದಲ್ಲಿ ಮೇಯ್ದ ಆಡು ಯಾರದೂ ಅಲ್ಲವಲ್ಲ! ಆ ಮಳೆಯ ದಿನ, ಅಂದರೆ ಮಳೆಯಲ್ಲದ ದಿನ, ಗುಬ್ಬಿತಗ್ಗಿನ ಹನ್ನೆರಡು ವರ್ಷ ತುಂಬುವುದಿತ್ತು. ದೀಪ ಹಚ್ಚುವ ಹೊತ್ತಿಗೆ ನಾನು ಅದರ ಸಾವನ್ನು ಸಾರಬೇಕಿತ್ತು.

ಗುಬ್ಬಿತಗ್ಗು ಎಂದರೆ ಜಕ್ಕವ್ವ, ಜಕ್ಕವ್ವ ಎಂದರೆ ಗುಬ್ಬಿತಗ್ಗು. ನಡುವಯಸ್ಸು ದಾಟಿದ, ಕಂಚಿನ ಕಂಠದ ಹೆಂಗಸು. ಅತ್ತೆ ತೋಡಿಸಿದ ಬಾವಿ, ಗಂಡನನ್ನು ಮಣ್ಣು ಮಾಡಿದ ಬನ್ನಿಮರ, ಒಂದು ಹಿಂಡು ಆಡು, ಸೊಸೆ, ತೊಟ್ಟಿಲಲ್ಲೊಂದು ಮೊಮ್ಮಗಳು. ಅವಳ ಸಂಸಾರವೆಲ್ಲ ಅಲ್ಲಿ. ವರ್ಷ ವರ್ಷವೂ ಬಂದು “ನಮ್ಮಲ್ಲಿ ಮಳಿ ಆತ್ರಿ” ಎಂದು ಹೇಳಿ ಹೋಗುತ್ತಿದ್ದಳು. ವರ್ಷ ವರ್ಷವೂ ಹಾಳೆ ಒಪ್ಪುತ್ತಿರಲಿಲ್ಲ. ಈಚೆಗಂತೂ ಸಂತೆಯಲ್ಲಿ ಅವಳ ತುಪ್ಪವನ್ನು ಮೂಸಿ ನೋಡಿ, “ವಾಸನಿ ಘಮ್ಮ ಅಂತೈತಿ, ಆದ್ರ ಸಾಯೂ ಜಾಗದ ತುಪ್ಪ ಬ್ಯಾಡವ್ವ,” ಎಂದು ಡಬ್ಬಿ ತಳ್ಳುತ್ತಿದ್ದರು.

ಆ ಬೆಳಗ್ಗೆ ನಾನು ಸಾರಿ ಮುಗಿಸಿ ಕಚೇರಿಯ ಪಡಸಾಲೆಗೆ ಬರುವಷ್ಟರಲ್ಲಿ ಅವಳು ಬಂದು ನಿಂತಿದ್ದಳು. ಮೊಣಕಾಲಿನ ತನಕ ಕೆಸರು, ತಲೆಯ ಮೇಲಿನ ಕಂಬಳಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೈಯಲ್ಲಿ ಒಡೆದ ಗಡಿಗೆಯ ಬೋಕಿ, ಅದರಲ್ಲಿ ಹಸಿ ಉಸುಕು, ಉಸುಕಿನಲ್ಲಿ ಬೇರುಸಹಿತ ಒಂದು ಬಾಯಾರಿ. ಮೈತುಂಬ ಅರಳಿದ ಹೂ. ದಳ ಬಿಳಿ, ಗಂಟಲು ಮಾತ್ರ ಎಲೆಅಡಿಕೆ ಹಾಕಿಕೊಂಡವರ ಬಾಯಿಯ ಹಾಗೆ ಕೆಂಪು.

ಸಾಹೇಬರ ಹೆಸರು ತ್ರಿಯಂಬಕರಾಯರು. ಕೆಟ್ಟವರಲ್ಲ. ಸುಳ್ಳು ಹೇಳಿದವರಲ್ಲ, ಒಂದು ಹೂವಿನ ಒಣ ಎಸಳನ್ನೂ ಉದುರಿಸಿದವರಲ್ಲ. ಕಚೇರಿಗೆ ಬಂದವರಿಗೆ ಮಜ್ಜಿಗೆ ಕೊಡದೆ ಕಳಿಸಿದವರಲ್ಲ. ಅವಳಿಗೂ ಮಜ್ಜಿಗೆ ತರಿಸಿದರು.

“ರಾಯರ, ಮಜ್ಜಿಗಿ ಆಮ್ಯಾಲೆ. ನಮ್ಮ ತಗ್ಗಿನ್ಯಾಗ ರಾತ್ರಿಯಿಂದ ಮಳಿ ಹೊಡ್ಯಾಕತ್ತೈತ್ರಿ. ಹಾಳಿ ತಗದು ನೋಡ್ರಿ,” ಅಂದಳು ಜಕ್ಕವ್ವ.

“ನೋಡೇನವಾ. ಎದ್ದ ಕೂಡಲೇ ಮೊದಲು ಅದನ್ನೇ ನೋಡೇನಿ. ಮುಚ್ಚಿಕೊಂಡದ.”

“ಹಂಗಾರ ಇದೇನ್ರಿ?” ಎಂದು ಅವಳು ತಲೆಯ ಕಂಬಳಿ ತೆಗೆದು ಅಲ್ಲಿಯೇ ಹಿಂಡಿದಳು. ನೀರು ಹರಿದು ರಾಯರ ಪಾದದ ತನಕ ಬಂತು. ರಾಯರು ಕಾಲು ಮೇಲೆತ್ತಿಕೊಂಡರು.

“ನೀರು,” ಅಂದರು.

“ಎಲ್ಲೀದು?”

“ಕಂಬಳೀದು.”

“ಕಂಬಳಿ ಕಣ್ಣೀರು ಹಾಕ್ತೈತೇನ್ರಿ? ನಾ ಸುಳ್ಳ ಹೇಳ್ತೀನೇನು?”

“ನೀ ಸುಳ್ಳ ಹೇಳ್ತಿ ಅಂತ ನಾ ಅಂದಿಲ್ಲವಾ. ನೀನೂ ಖರೇನ ಹೇಳ್ತಿ, ಹಾಳೀನೂ ಖರೇನ ಹೇಳ್ತದ. ಎರಡು ಖರೇ ಎದುರಾಬದುರಾ ಬಂದಾಗ, ಯಾವುದು ಒಣಗೇದೋ ಅದನ್ನ ಕಚೇರಿ ನಂಬತದ.”

ಜಕ್ಕವ್ವ ಬೋಕಿಯನ್ನು ಮೇಜಿನ ಮೇಲಿಟ್ಟಳು. “ಇದನ್ನರ ನಂಬ್ರಿ. ನಮ್ಮ ಬಾವಿ ಬಾಜೂಕ ಎದ್ದದ್ದು. ಕಿತ್ತಿಲ್ಲ, ಮಣ್ಣುಸಮೇತ ಎತ್ತಿಕೊಂಡು ಬಂದೀನಿ.”

ರಾಯರು ಭೂತಗನ್ನಡಿ ತೆಗೆದು ಬಹಳ ಹೊತ್ತು ನೋಡಿದರು. ಆಮೇಲೆ ಬೀರುವಿನಿಂದ ಗುಬ್ಬಿತಗ್ಗಿನ ಹಾಳೆ ತಂದು ಪಕ್ಕದಲ್ಲಿಟ್ಟುಕೊಂಡು ಇನ್ನೊಮ್ಮೆ ನೋಡಿದರು. ಈ ಹಾಳೆಯೆಂದರೆ ಅವರಿಗೆ ವಿಶೇಷ ಪ್ರೀತಿ. ಇದರ ಮೇಲಿನ ಹೂವಿನ ದಳಗಳಲ್ಲಿ ಉದ್ದಕ್ಕೂ ಅಡ್ಡಕ್ಕೂ ನೇಯ್ಗೆಯಂತೆ ನರಗಳಿವೆ, ಬೇರೆ ಯಾವ ಜಾಗದ ಬಾಯಾರಿಗೂ ಹೀಗಿಲ್ಲ ಎಂದು ಕಂಡುಹಿಡಿದವರು ಅವರೇ. ಅದನ್ನು ಚೀಟಿಯ ಕೆಳಗೆ ತಮ್ಮ ದುಂಡಕ್ಷರದಲ್ಲಿ ಸೇರಿಸಿದ್ದರು. ಗಿಡದಜ್ಜರ ಅಕ್ಷರದಲ್ಲಿ “ಗಂಟಲು ಕೆಂಪು” ಎಂದಿತ್ತು. ಮುಚ್ಚಿದ ದಳಗಳ ಸಂದಿಯಲ್ಲಿ ಕಾಣುವ ಹಾಳೆಯ ಹೂವಿನ ಗಂಟಲು ಸುಣ್ಣದ ಗೋಡೆಯಂತೆ ಬೆಳ್ಳಗಿತ್ತು. ರಾಯರು ಅದಕ್ಕೂ “ಕಾಲಾಂತರದಲ್ಲಿ ಬಣ್ಣ ಮಾಸಿದೆ” ಎಂದು ಉತ್ತರ ಬರೆದಿಟ್ಟಿದ್ದರು.

“ಚಂದದ ಹೂ,” ಅಂದರು ಕಡೆಗೆ. “ಆದ್ರ ಇದು ಗುಬ್ಬಿತಗ್ಗಿನದಲ್ಲ.”

“ಯವ್ವಾ! ನನ್ನ ಮನಿ ಮುಂದಿನ ಹೂ ನನ್ನದಲ್ಲೇನ್ರಿ?”

“ಗುಬ್ಬಿತಗ್ಗಿನ ಹೂವಿಗೆ ನೇಯ್ಗಿ ಇರ್ತದವಾ. ನಾನೇ ಕಂಡು ಬರದೇನಿ. ಇದರಾಗ ನೇಯ್ಗಿ ಎಲ್ಲದ?”

“ಹೂವಿಗೆ ನೇಯ್ಗಿ ಇರಾಕ ಅದೇನು ಧೋತರೇನ್ರಿ?”

ನನಗೆ ನಗೆ ಬಂತು, ಕೆಮ್ಮಿದೆ. ರಾಯರು ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. “ಬೇಕಾದ್ರ ಇದನ್ನ ಇಟ್ಟುಹೋಗು. ಒತ್ತಿ ಒಣಗಿಸೋಣ. ಪೂರ್ತಿ ಸತ್ತ ಮ್ಯಾಲೆ ಅದು ಏನು ಹೇಳ್ತದೋ ನೋಡೋಣ,” ಅಂದರು.

“ಜೀವ ಇದ್ದಾಗ ಹೇಳಿದ್ದು ಕೇಳಲಾರದವರು ಸತ್ತ ಮ್ಯಾಲೆ ಕೇಳ್ತೀರೇನು?”

“ನಮ್ಮ ಕೆಲಸನ ಅದಲ್ಲೇನವಾ,” ಅಂದರು ರಾಯರು, ನಿಜವಾಗಿಯೂ ಮರುಗಿ. “ದೀಪ ಹಚ್ಚೋ ಹೊತ್ತಿನ ತನಕ ಕಾಯ್ತೀನಿ. ಅಷ್ಟು ನನ್ನ ಕೈಯಾಗ ಅದ.”

ಜಕ್ಕವ್ವ ಬೋಕಿ ಎತ್ತಿಕೊಂಡಳು. ಮೆಟ್ಟಿಲಿಳಿದು ನನ್ನ ಕಡೆ ತಿರುಗಿದಳು. “ಬಾ ಭರಮಣ್ಣ. ಮನಿಶಾರದು ಮುಗೀತು. ಅವ್ವನ್ನ ಕೇಳೋಣು.”

ಅವ್ವ ಎಂದರೆ ನಮ್ಮ ಗುಡಿಯ ಉಸುಕಮ್ಮ. ನಮ್ಮ ಸೀಮೆಯಲ್ಲಿ ದೇವರಿಗೆ ಏರಿಸಲು ಹಸಿ ಹೂ ಎಲ್ಲಿಂದ ಬರಬೇಕು? ಮೊದಲಿನಿಂದಲೂ ಅವಳಿಗೆ ದಳ ಮುಚ್ಚಿದಂತೆ ಹೊಲಿದ ಬಿಳಿ ಬಟ್ಟೆಯ ಹೂಗಳ ಸರವೇ ಅಲಂಕಾರ. ಆದರೆ ಎಷ್ಟೋ ವರ್ಷಗಳಿಂದ ಅವಳ ಕಿರೀಟದ ಮೇಲೆ ಒಂದು ಒಣ ಹೂವೂ ಇತ್ತು. ಅದು ಒಮ್ಮೊಮ್ಮೆ ತಾನಾಗಿ ಅರಳುತ್ತಿತ್ತು. ಅರಳಿದಾಗ ಹೋಗಿ ಕೇಳಿದವರಿಗೆ ಅವ್ವ ಹೌದು ಅನ್ನುತ್ತಾಳೆ ಎಂದು ನಂಬಿಕೆ. ಮುಚ್ಚಿಕೊಂಡಾಗ ಅವ್ವ ಧ್ಯಾನದಲ್ಲಿರುತ್ತಾಳೆ, ಆಗ ಕೇಳಬಾರದು. ಹೂವಿನ ನಡುವೆ ಒಂದಿಷ್ಟು ಕೆಂಪಿತ್ತು; ಅವ್ವನ ಕುಂಕುಮ ತಾಕಿದ್ದು ಎಂದು ನಾವೆಲ್ಲ ಕಣ್ಣಿಗೊತ್ತಿಕೊಳ್ಳುತ್ತಿದ್ದೆವು. ನಾನೂ ಒತ್ತಿಕೊಂಡವನೇ.

ಆ ದಿನ ಹೂ ಪೂರ್ತಿ ಅರಳಿತ್ತು. ಗುಡಿಯ ತುಂಬ ಜನ. ಎಲ್ಲರ ಮೈಯಿಂದಲೂ ಊರ ಬೆವರು ತೊಟ್ಟಿಕ್ಕುತ್ತಿತ್ತು. ಪೂಜಾರಿ ಮುರಿಗಯ್ಯ ಗರ್ಭಗುಡಿಯ ಹೊಸ್ತಿಲಲ್ಲಿ ನಿಂತು ಒಬ್ಬೊಬ್ಬರ ಪ್ರಶ್ನೆ ಕೇಳಿ, ಹೂವಿನ ಕಡೆ ಒಮ್ಮೆ ನೋಡಿ, ಎಲ್ಲರಿಗೂ ಕೇಳುವಂತೆ ಉತ್ತರ ಸಾರುತ್ತಿದ್ದ. ಅವನೂ ನನ್ನ ಹಾಗೆ ಒಬ್ಬ ಡಂಗುರದವನೇ ಅನ್ನಿ.

“ನನ್ನ ಸೊಸಿ ಬಾಯಿ ಕಡಿಮಿ ಮಾಡ್ತಾಳೇನವ್ವಾ?” ಎಂದು ಒಬ್ಬಳು ಅತ್ತೆ ಕೇಳಿದಳು.

“ಅವ್ವ ಹೌದಂದ್ಳು!”

ಅವಳ ಹಿಂದೆಯೇ ನಿಂತಿದ್ದ ಸೊಸೆ ಮುಂದೆ ಬಂದು, “ನಮ್ಮತ್ತಿ ಮಗಳ ಮನಿಗೆ ಹೋಗಿ ಅಲ್ಲೇ ಇರ್ತಾಳೇನವ್ವಾ?” ಅಂದಳು.

“ಅವ್ವ ಹೌದಂದ್ಳು!”

ಇಬ್ಬರೂ ಸಂತೋಷದಿಂದ ಒಂದೇ ಛತ್ರಿಯಲ್ಲಿ ಮನೆಗೆ ಹೋದರು. ಒಂದೇ ಹೊಲದ ಬದುವಿಗೆ ಜಗಳವಾಡುತ್ತಿದ್ದ ಅಣ್ಣತಮ್ಮಂದಿರು ಬಂದರು. ಇಬ್ಬರಿಗೂ ಬದು ಸಿಕ್ಕಿತು. ಯಾವಾಗ ಎಂದು ಕೇಳಿದವರಿಗೆ ಮುರಿಗಯ್ಯನ ಬಳಿ ಒಂದು ಮಾತಿತ್ತು: “ಆಗೋದು ಆಗ್ತೈತಿ. ಯಾವಾಗ ಅನ್ನೋದು ಅವ್ವನ ಚಿತ್ತ.”

ಸಾಲು ಮುಂದುವರಿದು ನಾವು ಹತ್ತಿರ ಬಂದಾಗ ಜಕ್ಕವ್ವ ತಲೆ ಎತ್ತಿ ಅವ್ವನನ್ನು ನೋಡಿದಳು. ನೋಡಿದವಳು ನೋಡುತ್ತಲೇ ಇದ್ದಳು. ಕೈಯಲ್ಲಿದ್ದ ಬೋಕಿಯ ಹೂವನ್ನು ನೋಡಿದಳು. ಮತ್ತೆ ಕಿರೀಟವನ್ನು ನೋಡಿದಳು. ನಾನೂ ಅವಳ ಕಣ್ಣಿನ ಹಿಂದೆ ಹೋದೆ. ಮೇಲೆ ಒಣಗಿದ್ದು, ಕೆಳಗೆ ಹಸಿಯದು. ಎರಡಕ್ಕೂ ಅದೇ ಐದು ದಳ, ಅದೇ ತಾಂಬೂಲದ ಗಂಟಲು. ಕುಂಕುಮ ಹಾಗೆ ದುಂಡಗೆ, ಒಳಗಿನಿಂದ ಹತ್ತುವುದಿಲ್ಲ. ಆಮೇಲೆ ನನ್ನ ಕಣ್ಣು ಅವ್ವನ ಕೊರಳಿಗೆ ಇಳಿಯಿತು. ಬಟ್ಟೆ ಹೂಗಳ ಸರದಲ್ಲಿ ಎಡಭುಜದ ಹತ್ತಿರ ಒಂದು ಹೂವಿನ ಜಾಗ ಖಾಲಿ ಇತ್ತು. ಎಷ್ಟೋ ವರ್ಷದಿಂದ ಖಾಲಿ ಇದ್ದದ್ದೇ. ಬಟ್ಟೆಯಲ್ಲಿ ನೇಯ್ಗೆ ಇರುತ್ತದೆ ಎನ್ನುವುದು ನನಗೆ ಆ ಕ್ಷಣದಲ್ಲಿ ಹೊಳೆಯಿತು.

ಹಿಂದೊಮ್ಮೆ ಕಚೇರಿಯ ಮಾಳಿಗೆ ವಿಪರೀತ ಬೆವರಿ, ಹಾಳೆಗಳನ್ನೆಲ್ಲ ಕೆಲವು ದಿನ ಈ ಗುಡಿಯ ಪೌಳಿಯಲ್ಲೇ ತಂದಿಟ್ಟಿದ್ದರು. ಅವತ್ತು ಗುಬ್ಬಿತಗ್ಗಿನಲ್ಲಿ ಮಳೆಯಾಗಿ, ಬಟ್ಟೆಯ ಹೂ ಬಿಟ್ಟರೆ ಬೇರೇನನ್ನೂ ಮುಡಿಯದ ದೇವಿಯ ಎದುರಿಗೇ ಒಂದು ಹೂ ಅರಳಿ ನಿಂತಿರಬೇಕು. ಭಕ್ತನ ಮನಸ್ಸು ತಡೆದೀತೇ? ಮುರಿಗಯ್ಯ ಕಳ್ಳನಲ್ಲ; ಒಂದನ್ನು ತೆಗೆದುಕೊಂಡು ಒಂದನ್ನು ಕೊಟ್ಟಿದ್ದ. ಗುಬ್ಬಿತಗ್ಗಿನ ಹಾಳೆ ಅರಳುವುದು ನಿಂತದ್ದೂ ಅವ್ವ ಹೌದನ್ನಲು ಶುರುಮಾಡಿದ್ದೂ ಒಂದೇ ವರ್ಷ. ಊರಿಗೆಲ್ಲ ಎರಡೂ ಗೊತ್ತಿತ್ತು. ಆದರೆ ಒಂದು ಕಚೇರಿಯ ಸಂಗತಿ, ಇನ್ನೊಂದು ಗುಡಿಯ ಸಂಗತಿ; ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಯಾರ ಕೆಲಸವೂ ಆಗಿರಲಿಲ್ಲ.

“ಜಕ್ಕವ್ವ,” ಎಂದು ನಾನು ಬಾಯಿ ತೆರೆದೆ. ಅವಳು ಮೊಣಕೈಯಿಂದ ತಿವಿದಳು.

“ಸುಮ್ಕಿರು. ಡಂಗುರದವ ಒಂದಿನ ಬಾಯಿ ಮುಚ್ಚಿದ್ರ ಸಾಯಂಗಿಲ್ಲ,” ಎಂದು ಪಿಸುಗುಟ್ಟಿದಳು. “ಈ ಮಂದಿ ಈ ಹೌದು ನಂಬಿ ಮದುವಿ ಮಾಡ್ಯಾರ, ಮನಿ ಕಟ್ಯಾರ, ಕೂಸಿಗೆ ಹೆಸರಿಟ್ಟಾರ. ನನ್ನ ತಗ್ಗು ಉಳಸಾಕ ಅಷ್ಟೂ ಹೌದು ಒಡೀಲೇನು? ನನಗ ಕೇಳಾಕ ಬರ್ತೈತಿ. ಕೇಳ್ತೀನಿ.”

ಅವಳ ಸರದಿ ಬಂತು. ಹೊಸ್ತಿಲಿಗೆ ಹಣೆ ಹಚ್ಚಿ ಎದ್ದು, ಮುರಿಗಯ್ಯನಿಗೂ ನನಗೂ ಬಿಟ್ಟರೆ ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ, ಅವ್ವನ ಮುಖವನ್ನೇ ನೋಡುತ್ತ ಕೇಳಿದಳು: “ಯವ್ವಾ, ನಿನ್ನ ತಲಿಮ್ಯಾಲಿನ ಹೂ ತನ್ನ ಜಾಗಕ್ಕ ಹೋಗಬೇಕೇನು?”

“ಅವ್ವ ಹೌದಂದ್ಳು!” ಎಂದು ಮುರಿಗಯ್ಯ ಗಂಟಲು ತುಂಬ ಸಾರಿಬಿಟ್ಟ. ನಾಲಿಗೆಯ ರೂಢಿ. ಸಾರಿದ ಮೇಲೆ ಪ್ರಶ್ನೆ ಅವನ ಕಿವಿಯಿಂದ ಒಳಗಿಳಿಯಿತು. ಅವನ ಮುಖ ಬಿಳಿಚಿತು. ಹಿಂದಿದ್ದ ಜನ ಏನು ಎತ್ತ ಎಂದು ತಿಳಿಯದೆಯೇ “ಉಸುಕಮ್ಮ ತಾಯಿ ಉಧೋ!” ಎಂದರು.

ಜಕ್ಕವ್ವ ಬೋಕಿಯನ್ನು ಅವನ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಳು. “ಹೌದಂದಾಳ, ಪೂಜಾರಿ. ನೀವ ಹೇಳೀರಿ. ಯಾವಾಗ?”

ಮುರಿಗಯ್ಯ ಹೂ ನೋಡಿದ. “ಯಾವಾಗ ಅನ್ನೋದು… ಅವ್ವನ ಚಿತ್ತ,” ಅಂದ.

“ಆಗಲಿ. ಸಂಜೀ ತನಕ ನಾ ಕಚೇರಿ ಕಟ್ಟಿಮ್ಯಾಲೆ ಕುಂತಿರ್ತೀನಿ. ಅವ್ವನ ಚಿತ್ತಕ್ಕ ಅಷ್ಟು ಹೇಳ್ರಿ,” ಎಂದು ಪ್ರಸಾದ ತೆಗೆದುಕೊಂಡು ಹೊರಗೆ ಬಂದಳು.

ಮಳೆ ನಿಂತಿತ್ತು. ಗುಡಿಯ ಮುಂದೆ ಜನ ಕಾಲು ತೊಳೆಯುವ ಕಲ್ಲೊಂದಿದೆ. ತೊಳೆದ ನೀರು ಪಕ್ಕದ ಸಣ್ಣ ಗುಂಡಿಗೆ ಹರಿದು ಇಂಗುತ್ತದೆ. ಜಕ್ಕವ್ವ ಅಲ್ಲಿ ಕುಕ್ಕರಗಾಲಲ್ಲಿ ಕೂತು ಕೈಯಿಂದ ಉಸುಕು ತೋಡಿದಳು.

“ಇದೊಂದ ಐತಿ ನಿನ್ನ ಕಡೆ ಸಾಕ್ಷಿ. ಇದನ್ನೂ ಹೂತು ಬಿಡ್ತೀಯಾ?” ಅಂದೆ ನಾನು.

“ಸಾಕ್ಷಿ ಆಗಬೇಕಂದ್ರ ಇದು ಸಾಯಬೇಕಂತಲ್ಲೋ ಯಣ್ಣಾ. ನನಗ ಅದು ಬಗಿಹರೀವಲ್ದು,” ಎಂದು ಅವಳು ಬೋಕಿ ಓರೆಮಾಡಿ ಗಿಡವನ್ನು ಮಣ್ಣಿನ ಸಮೇತ ಗುಂಡಿಗೆ ಜಾರಿಸಿದಳು. ಸುತ್ತಲೂ ಅಂಗೈಯಿಂದ ಒತ್ತಿ, ಒಡೆದ ಬೋಕಿಯನ್ನು ಬಿಸಿಲಿನ ಕಡೆಗೆ ಮರೆಯಾಗಿ ನೆಟ್ಟಳು. “ನಾಳೆ ನಾ ಎಲ್ಲಿರ್ತೀನೋ ಏನೋ. ಇದಾದ್ರೂ ಇಲ್ಲಿರಲಿ. ಅವ್ವಗ ಒಂದು ಹಸೀ ಹೂ ಅಂತ ಯಾರು ಕೊಟ್ಟಾರ? ಪಾಪ, ಹೆಣ್ಣುದೇವ್ರು, ಬಟ್ಟಿ ಹೂ ಮುಡಕೊಂಡು ಎಷ್ಟು ಕಾಲ ಕುಂತಾಳು.”

ಮುಂದೆ ನಮ್ಮ ಊರಿಗೆ ಹಾಳೆ ಬಂದದ್ದು ಈ ಗಿಡದಿಂದಲೇ. ಅವಳು ತಲೆ ಬಗ್ಗಿಸಿ ನೀರು ಚಿಮುಕಿಸುತ್ತಿದ್ದಳು, ಅವಳಿಗೆ ಕಾಣಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ಮುರಿಗಯ್ಯ ನೋಡುತ್ತಿದ್ದದ್ದು ನನಗೆ ಕಂಡಿತು.

ಮಧ್ಯಾಹ್ನವೆಲ್ಲ ಅವಳು ಕಚೇರಿಯ ಕಟ್ಟೆಯ ಮೇಲೆ ಕೂತಿದ್ದಳು. ಅತ್ತಿತ್ತ ಹೋಗುವವರು ನಿಂತು ಸಮಾಧಾನ ಹೇಳಿದರು. “ಹೋದ್ರ ಹೋಗಲೇಳವ್ವ, ಇಲ್ಲದ ಜಾಗ,” ಎಂದು ಒಬ್ಬ. “ಬಯಲಿನ್ಯಾಗ ಗಾಳಿ ಛಲೋ ಬರ್ತೈತಿ,” ಎಂದು ಇನ್ನೊಬ್ಬ. ಆಡುಗಳ ಲೆಕ್ಕದಲ್ಲಿ ತನ್ನ ಪಾಲಿಗೆ ಆ ಕಪ್ಪು ಹೋತ ಬಂದರೆ ಒಳ್ಳೆಯದು ಎಂದು ಮೂರನೆಯವನು ನನ್ನ ಕಿವಿಯಲ್ಲಿ ಹೇಳಿ ಹೋದ. ಜಕ್ಕವ್ವ ನನ್ನ ಕಡೆ ತಿರುಗಿ ಕೇಳಿದಳು, “ಭರಮಣ್ಣ, ಬಾವಿ ಹಗ್ಗ ಬಿಚ್ಚಾಕ ಯಾರು ಬರ್ತಾರ? ನೀನ ಬಾ. ಬ್ಯಾರೇಯವರಾದ್ರ ಕೊಯ್ತಾರ. ಅದು ನಮ್ಮತ್ತಿ ಹೊಸೆದದ್ದು.”

ಹೊತ್ತು ಮುಳುಗಿತು. ರಾಯರು ದೀಪ ಹಚ್ಚಿ, ದೀಪಕ್ಕೆ ಕೈಮುಗಿದು, ಗುಬ್ಬಿತಗ್ಗಿನ ಹಾಳೆಯನ್ನು ಮೇಜಿನ ಮೇಲೆ ಹರಡಿದರು. ಹೂ ಮುಚ್ಚಿಕೊಂಡೇ ಇತ್ತು. ಮುದ್ರೆಯನ್ನು ಮಸಿಯಲ್ಲಿ ಒತ್ತಿದರು. “ಜಕ್ಕವ್ವ, ಮನಸ್ಸು ಗಟ್ಟಿ ಮಾಡಿಕೊ,” ಎಂದರು.

ಆಗ ಮುರಿಗಯ್ಯ ಬಂದ. ಕೈಯಲ್ಲಿ ಕೆಂಪು ವಸ್ತ್ರ ಮುಚ್ಚಿದ ಆರತಿ ತಟ್ಟೆ. ಯಾರ ಮುಖವನ್ನೂ ನೋಡಲಿಲ್ಲ.

“ಬರ್ರಿ ಪೂಜಾರರ. ಪ್ರಸಾದೇನು?” ಅಂದರು ರಾಯರು, ಮುದ್ರೆ ಕೆಳಗಿಡದೆ.

ಮುರಿಗಯ್ಯ ತಟ್ಟೆಯನ್ನು ಹಾಳೆಯ ಪಕ್ಕದಲ್ಲಿಟ್ಟು ವಸ್ತ್ರ ತೆಗೆದ. ಹೂ ಅರಳಿತ್ತು. ದೀಪದ ಬೆಳಕಿನಲ್ಲಿ ಗಂಟಲಿನ ಕೆಂಪು ಇನ್ನೂ ಕೆಂಪಾಗಿತ್ತು. “ಅವ್ವಗ ಹಸೀದು ಬಂದೈತ್ರಿ,” ಎಂದಷ್ಟೇ ಅಂದ. “ಗುಡಿ ಮುಂದ. ಇನ್ನ ಇದು ಬೇಕಾಗಿಲ್ಲ ಅಂದಾಳ.”

ರಾಯರು ತಟ್ಟೆ ನೋಡಿದರು, ಹಾಳೆ ನೋಡಿದರು. ಭೂತಗನ್ನಡಿಗೆ ಕೈ ಹಾಕಿದರು, ಬೇಡವೆನಿಸಿ ಅಲ್ಲಿಯೇ ಬಿಟ್ಟರು. “ಭರಮಾ, ಸೂಜಿ ನೂಲು ಕೊಡಪಾ,” ಎಂದರು. ಹಾಳೆಯ ಮೇಲಿನ ಹೂವಿನ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದರು. ಹೂ ಕೈಗೆ ಬಂತು. ಅದರ ಅಂಚಿನಿಂದ ಒಂದು ಎಳೆ ಜೋತು ಬಿತ್ತು. ಅದರ ಕೆಳಗೆ ಹಾಳೆಯಲ್ಲಿ, ಹಿಂದೆ ಎಂದೋ ಒತ್ತಿಟ್ಟ ಹೂವಿನ ಕಂದು ಕಲೆ ಉಳಿದಿತ್ತು: ಐದು ದಳ, ತುಸು ಬಾಗಿದ ದೇಟು. ರಾಯರು ತಟ್ಟೆಯ ಹೂವನ್ನು ಎರಡು ಬೆರಳಲ್ಲಿ ಎತ್ತಿ ಆ ಕಲೆಯ ಮೇಲಿಟ್ಟರು. ತನ್ನ ಹಾಸಿಗೆಯಲ್ಲಿ ಕೂಸು ಮಲಗಿದಂತೆ ಅದು ಅಲ್ಲಿ ಕೂತಿತು.

ಹೊಲಿದು ಮುಗಿಸಿ, ಚೀಟಿಯ ಕೆಳಗೆ “ನೇಯ್ಗೆಯಂಥ ನರಗಳು” ಎಂದು ತಾವು ಬರೆದ ಸಾಲಿನ ಮೇಲೆ ಒಂದು ಗೀಟು ಎಳೆದರು. ಹನ್ನೆರಡು ವರ್ಷದ ಪ್ರೀತಿ. ಗೀಟು ನೆಟ್ಟಗೆ ಬರಲಿಲ್ಲ. ಮುದ್ರೆಯ ಮಸಿಯನ್ನು ಬಟ್ಟೆಯಿಂದ ಒರೆಸಿದರು.

“ಹೋಗು ಭರಮಾ. ಸಾರು.”

“ಏನಂತ ಸಾರಲ್ರಿ?”

“ಗುಬ್ಬಿತಗ್ಗಿನಾಗ ಮಳಿ ಆಗೇದ ಅಂತ.”

“ನಾ ಮುಂಜಾನಿಯಿಂದ ಅದನ್ನ ಹೇಳಾಕತ್ತೀನಿ,” ಅಂದಳು ಜಕ್ಕವ್ವ. ಅಂದು, ಹಸಿ ಕಂಬಳಿಯನ್ನು ಮುಖಕ್ಕೆ ಒತ್ತಿಕೊಂಡಳು. ಆಗ ಅದರಿಂದ ಇಳಿದದ್ದು ಯಾವ ನೀರೆಂದು ಯಾರೂ ಕೇಳಲಿಲ್ಲ. ಆಮೇಲೆ ಮುರಿಗಯ್ಯನ ಪಾದ ಮುಟ್ಟಲು ಬಾಗಿದಳು. ಅವನು ಗಾಬರಿಯಿಂದ ಹಿಂದೆ ಸರಿದ.

ನಾನು ಹಲಗೆಯನ್ನು ದೀಪದ ಶಾಖಕ್ಕೆ ಹಿಡಿದು ಬಿಗಿ ಮಾಡಿಕೊಂಡು ಮೆಟ್ಟಿಲಿಳಿದೆ. ಕಡೆಯ ಮೆಟ್ಟಿಲಿನಿಂದ ತಿರುಗಿ ನೋಡಿದೆ. ಮುರಿಗಯ್ಯ ಖಾಲಿ ತಟ್ಟೆ ಹಿಡಿದುಕೊಂಡು ಇನ್ನೂ ಅಲ್ಲೇ ನಿಂತಿದ್ದ. ಹೋಗಬೇಕೋ, ಬೈಸಿಕೊಳ್ಳಬೇಕೋ ಅವನಿಗೆ ತಿಳಿಯುತ್ತಿರಲಿಲ್ಲ. ರಾಯರು ಬೈಯಲಿಲ್ಲ. ಬಟ್ಟೆಯ ಹೂವಿನಿಂದ ಜೋತ ಎಳೆಯನ್ನು ಒಳಗೆ ಮಡಚಿ, ಅದರ ಮೇಲಿನ ಧೂಳನ್ನು ಮೆಲ್ಲಗೆ ಊದಿ, ಅವನ ತಟ್ಟೆಯಲ್ಲಿಟ್ಟರು.

“ಅವ್ವನ ಸರದ್ದು,” ಅಂದರು.